ಜರ್ಮನಿಯ ಬಸ್ಸು, ಬೆಂಗಳೂರಿನ ತಾಳ

ನಿವೃತ್ತ ಗಣಿತದ ಮೇಷ್ಟ್ರೊಬ್ಬರಿಗೆ ಇಷ್ಟವಾದ ಸಂಗೀತ ಯಾವುದೆಂದು ಯಾರಾದರೂ ಕೇಳಿದರೆ, ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳು ಎಂದು ಹೇಳಿ ಸುಮ್ಮನಾಗುವುದು ನನ್ನ ರೂಢಿ. ಅದು ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ನಾಲ್ಕು ದಶಕಗಳಿಂದ ನಾನು ಜರ್ಮನಿಯ ಒಂದು ವಾದ್ಯತಂಡದ ಅಭಿಮಾನಿಯಾಗಿದ್ದೇನೆ. ತಂಡದ ಹೆಸರು ಎಂಬ್ರಿಯೋ, ಎಂದರೆ ಭ್ರೂಣ. ಉದ್ದ ಕೂದಲಿನ, ಬರಿಗಾಲಿನ ಹುಡುಗರು 1969ರಲ್ಲಿ ಮ್ಯೂನಿಕ್ ನಗರದಲ್ಲಿ ಕಟ್ಟಿಕೊಂಡ ತಂಡವದು. ಈ ಸಂಗತಿಯನ್ನು ನಾನು ಸೇವೆಯಲ್ಲಿದ್ದಷ್ಟು ದಿನವೂ ಸಹೋದ್ಯೋಗಿಗಳಿಗಾಗಲೀ ವಿದ್ಯಾರ್ಥಿಗಳಿಗಾಗಲೀ ಹೇಳಿದವನಲ್ಲ. ಈಗ ಹೇಳುವುದಕ್ಕೆ ಎರಡು ಕಾರಣಗಳಿವೆ. ಆ ಸಂಗೀತದ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೆ ಒಂದು ಗೌರವದ ಸ್ಥಾನವಿದ್ದು, ನಮ್ಮವರೇ ಅದನ್ನು ಮರೆತಿದ್ದಾರೆ ಎಂಬುದು ಮೊದಲನೆಯದು. ಎರಡನೆಯದನ್ನು ಲೇಖನದ ಕೊನೆಯಲ್ಲಿ ನಿವೇದಿಸಿಕೊಳ್ಳುತ್ತೇನೆ.

1984ರ ಬೇಸಿಗೆ. ನಾವು ಆಗ ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ನನಗೆ ಒಂದು ವರ್ಷವಾಗಿತ್ತು. ಜರ್ಮನಿಯಲ್ಲಿ ಎಂಜಿನಿಯರ್ ಆಗಿದ್ದ ನಮ್ಮ ಭಾವ ರಜೆಗೆ ಬಂದವರು ಎಲ್ಲರಿಗೂ ಏನೇನೋ ಉಡುಗೊರೆ ಕೊಟ್ಟು, ನನ್ನ ಕೈಗೆ ಮಾತ್ರ ಒಂದು ಕ್ಯಾಸೆಟ್ಟನ್ನು ಹಾಕಿದರು. ಅದರ ಮೇಲೆ ಬಾಲ್‌ಪೆನ್ನಿನಿಂದ ಅವರೇ ಬರೆದಿದ್ದರು: "ಜರ್ಮನಿಸ್ತಾನ್. ಇದರಲ್ಲಿ ಬೆಂಗಳೂರಿನವರಿದ್ದಾರೆ."

ರಾತ್ರಿ ಊಟವಾದ ಮೇಲೆ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಾಕಿದೆ. ಡ್ರಮ್ಸು, ಬಾಸ್ ಗಿಟಾರು, ಕೊಳಲು. ಅವುಗಳ ಜೊತೆಗೇ ಮೃದಂಗ, ಘಟ, ಕಂಜಿರ. ಇವೆಲ್ಲದರ ಮೇಲೆ ಒಬ್ಬ ಹೆಣ್ಣುಮಗಳ ಕಂಠ. ಆ ಕಂಠ ರಾಗ ಹಾಡುತ್ತಿತ್ತು, ಹಾಡುತ್ತಲೇ ಜತಿಗಳಿಗೆ ಹೊರಳುತ್ತಿತ್ತು. ನಾನು ಬಾಲ್ಯದಲ್ಲಿ ನಾಲ್ಕು ವರ್ಷ ಮೃದಂಗ ಕಲಿತು ಬಿಟ್ಟವನು. ಆದುದರಿಂದ ಆ ಸೊಲ್ಲುಗಳು ಗುರುಗಳ ಮನೆಯ ಜಗಲಿಯನ್ನೇ ಎದುರಿಗೆ ತಂದು ನಿಲ್ಲಿಸಿದವು.

ಒಳಕೋಣೆಯಲ್ಲಿ ಮಲಗಿದ್ದ ತಂದೆಯವರು ಎದ್ದು ಬಂದರು. ಅವರು ಕಟ್ಟುನಿಟ್ಟಿನ ರಸಿಕರು. ಕಚೇರಿಯಲ್ಲಿ ತನಿ ಆವರ್ತನ ಶುರುವಾದೊಡನೆ ಕಾಫಿಗೆಂದು ಎದ್ದು ಹೋಗುವವರನ್ನು ಕಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. "ಏನೋ ಇದು ಗಲಾಟೆ?" ಎಂದರು. ನಾನು ನಿಲ್ಲಿಸಲು ಹೋದೆ. ಅವರು ಕೈಯೆತ್ತಿ ತಡೆದು ಕುರ್ಚಿಯ ಮೇಲೆ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಅವರ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಒಂದು ದೊಡ್ಡ ಮುಕ್ತಾಯ ಬಂದು ಸಮದ ಮೇಲೆ ಇಳಿದಾಗ ನನ್ನತ್ತ ನೋಡಿ, "ಲೆಕ್ಕ ಸರಿಯಾಗಿದೆ ಕಣೋ. ಇನ್ನೊಂದು ಕಡೆ ಹಾಕು" ಎಂದರು. ಅಂದಿನಿಂದ ನಾನು ಅಭಿಮಾನಿಯಾದೆ.

ಆ ಕ್ಯಾಸೆಟ್ಟಿನ ಹಿಂದಿನ ಕಥೆ ನನಗೆ ಪೂರ್ತಿಯಾಗಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಮನೆಗೆ ಇಂಟರ್‌ನೆಟ್ ಬಂದ ನಂತರ. ಅದನ್ನು ಕ್ರಮವಾಗಿ ಹೇಳುತ್ತೇನೆ.

1960ರ ದಶಕದ ನಡುಭಾಗದಲ್ಲಿ ಅಮೆರಿಕ ಮತ್ತು ಯೂರೋಪುಗಳಲ್ಲಿ ಸೈಕಿಡೆಲಿಕ್ ಎಂಬ ಹೆಸರಿನ ರಾಕ್ ಸಂಗೀತ ಹುಟ್ಟಿಕೊಂಡಿತು. ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮುರಿದು, ಒಂದೇ ಎತ್ತುಗಡೆಯನ್ನು ಹಿಡಿದು ಅರ್ಧ ಗಂಟೆಯವರೆಗೆ ಮನಸ್ಸು ಹರಿದತ್ತ ನುಡಿಸಿಕೊಂಡು ಹೋಗುವುದು ಅದರ ರೀತಿ. ಇಂಥ ತಂಡಗಳಲ್ಲಿ ಬಹು ಪ್ರಸಿದ್ಧವಾದುದು 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಗ್ರೇಟ್‌ಫುಲ್ ಡೆಡ್. 1995ರಲ್ಲಿ ಅದರ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗಿನ ಮೂವತ್ತು ವರ್ಷಗಳಲ್ಲಿ ಆ ತಂಡದವರು ಎರಡು ಸಾವಿರಕ್ಕೂ ಹೆಚ್ಚು ಕಚೇರಿಗಳನ್ನು ನಡೆಸಿದರು. ಒಂದು ದಿನದಂತೆ ಇನ್ನೊಂದು ದಿನ ನುಡಿಸುತ್ತಿರಲಿಲ್ಲವಾದ್ದರಿಂದ ಅಭಿಮಾನಿಗಳು ಊರಿಂದೂರಿಗೆ ಅವರ ಬೆನ್ನು ಹತ್ತಿ ಹೋಗುತ್ತಿದ್ದರು. ಕಚೇರಿಯನ್ನು ಟೇಪ್ ಮಾಡಿಕೊಳ್ಳಲು ತಂಡವೇ ಅನುಮತಿ ಕೊಟ್ಟಿತ್ತು. ಆ ಟೇಪುಗಳು ಹಣಕ್ಕಲ್ಲ, ವಿನಿಮಯದಿಂದಲೇ ಕೈಯಿಂದ ಕೈಗೆ ಸಾಗುತ್ತಿದ್ದವು.

ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಬಡಾವಣೆಗಳಲ್ಲೂ ಇಂಥವರು ಇರಲಿಲ್ಲವೇ? ರಾಮನವಮಿ ಬಂತೆಂದರೆ ಚಾಮರಾಜಪೇಟೆಯಿಂದ ಜಯನಗರಕ್ಕೆ, ಅಲ್ಲಿಂದ ಗಾಯನ ಸಮಾಜಕ್ಕೆ ಸೈಕಲ್ಲಿನಲ್ಲಿ ಅಲೆದು, ಅದೇ ವಿದ್ವಾಂಸರು ಅದೇ ತೋಡಿಯನ್ನು ಈ ದಿನ ಹೇಗೆ ಹಾಡುತ್ತಾರೆಂದು ಕಾಯುತ್ತಿದ್ದವರು? ತೊಡೆಯ ಮೇಲಿನ ಟೇಪ್ ರೆಕಾರ್ಡರಿಗೆ ಟವೆಲ್ಲು ಹೊದಿಸಿಕೊಂಡು ಕೂರುತ್ತಿದ್ದವರು? ಮನೋಧರ್ಮವನ್ನು ನೆಚ್ಚಿದ ಸಂಗೀತ ಎಲ್ಲಿದ್ದರೂ ಇಂಥ ಕೇಳುಗರನ್ನು ಹುಟ್ಟಿಸುತ್ತದೆ. ಇವತ್ತಿನದು ನಾಳೆ ಸಿಕ್ಕುವುದಿಲ್ಲ ಎಂಬ ಅರಿವೇ ಅವರನ್ನು ಮತ್ತೆ ಮತ್ತೆ ಎಳೆದು ತರುತ್ತದೆ. ಗ್ರೇಟ್‌ಫುಲ್ ಡೆಡ್ ತಂಡಕ್ಕೂ ನಮ್ಮ ತಾಳಕ್ಕೂ ನಂಟಿತ್ತು. ಅದರ ಡ್ರಮ್ಸ್ ವಾದಕ ಮಿಕಿ ಹಾರ್ಟ್ ಅವರು ಜಾಕಿರ್ ಹುಸೇನ್ ಅವರೊಡನೆ 1976ರಲ್ಲಿ ದಿಗಾ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. 1991ರ ಪ್ಲಾನೆಟ್ ಡ್ರಮ್‌ನಲ್ಲಿ ಘಟವಾದಕ ವಿಕ್ಕು ವಿನಾಯಕರಾಮ್ ಅವರೂ ಇದ್ದರು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು.

ಎಂಬ್ರಿಯೋ ಈ ಕುಲದ್ದೇ ಒಂದು ಜರ್ಮನ್ ಶಾಖೆ. ಅದರ ಸ್ಥಾಪಕ ಕ್ರಿಸ್ಟಿಯನ್ ಬುರ್ಖಾರ್ಡ್ ಡ್ರಮ್ಸು, ವೈಬ್ರಫೋನು, ಮರಿಂಬಾ ನುಡಿಸುತ್ತಿದ್ದರು. ರೋಮಾನ್ ಬುಂಕಾ ಗಿಟಾರ್ ನುಡಿಸುತ್ತಿದ್ದವರು ಮುಂದೆ ಅರಬರ ಊದ್ ವಾದ್ಯದಲ್ಲಿ ಪರಿಣತರಾದರು. 1970ರ ದಶಕದ ಆರಂಭದಲ್ಲಿಯೇ ಈ ತಂಡ ಉತ್ತರ ಆಫ್ರಿಕಾಕ್ಕೆ ಹೋಗಿ ಅಲ್ಲಿನ ವಾದಕರೊಡನೆ ನುಡಿಸಿ ಬಂದಿತ್ತು. 1978ರಲ್ಲಿ ಅವರು ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದರು. ವಾದ್ಯ, ಸಂಸಾರ ಎಲ್ಲವನ್ನೂ ಬಸ್ಸಿಗೆ ತುಂಬಿಕೊಂಡು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ನೆಲದ ದಾರಿಯಲ್ಲಿ ಭಾರತಕ್ಕೆ ಬಂದರು. ದಾರಿಯುದ್ದಕ್ಕೂ ಸಿಕ್ಕ ಸಂಗೀತಗಾರರೊಡನೆ ಕೂತು ನುಡಿಸಿದರು. ಕಾಲವನ್ನು ಗಮನಿಸಿ: 1979ರ ಫೆಬ್ರವರಿಯಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಅದೇ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನವನ್ನು ಹೊಕ್ಕಿತು. ಯೂರೋಪಿನಿಂದ ಭಾರತಕ್ಕೆ ಬಸ್ಸಿನಲ್ಲಿ ಬರುವ ದಾರಿ ಅಲ್ಲಿಗೆ ಮುಚ್ಚಿಹೋಯಿತು. ಆ ದಾರಿಯ ಕೊನೆಯ ಪ್ರಯಾಣಿಕರಲ್ಲಿ ಇವರೂ ಸೇರಿದ್ದರು. ಈ ಪ್ರಯಾಣದ ಕುರಿತು ವರ್ನರ್ ಪೆನ್ಸೆಲ್ ಎಂಬವರು ಒಂದು ಸಾಕ್ಷ್ಯಚಿತ್ರವನ್ನೇ ತೆಗೆದಿದ್ದಾರೆ.

ಇನ್ನು ಬೆಂಗಳೂರಿನ ಪಾತ್ರ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಇಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಪಕ್ಕವಾದ್ಯವೆಂದು ಬದಿಗೆ ಕೂರಿಸಲ್ಪಡುತ್ತಿದ್ದ ಲಯವಾದ್ಯಗಳಿಗೆಂದೇ ಒಂದು ಶಾಲೆ ಎಂಬುದು ಅಂದಿಗೆ ಹೊಸ ಕಲ್ಪನೆ. ಅವರ ಪತ್ನಿ ಆರ್.ಎ. ರಮಾಮಣಿಯವರು ಗಾಯಕಿ, ಕೊನ್ನಕೋಲಿನಲ್ಲಿ ನಿಷ್ಣಾತರು. ಆ ಕ್ಯಾಸೆಟ್ಟಿನಲ್ಲಿ ನಾನು ಕೇಳಿದ ಕಂಠ ಅವರದೇ. ಎಂಬ್ರಿಯೋದಿಂದ ಬೇರೆಯಾದ ಕೆಲವರು ಡಿಸಿಡೆಂಟನ್, ಎಂದರೆ ಭಿನ್ನಮತೀಯರು, ಎಂಬ ತಂಡವನ್ನು ಕಟ್ಟಿಕೊಂಡು, ಈ ಕಾಲೇಜಿನ ಕಲಾವಿದರೊಡನೆ ಸೇರಿ 1982ರಲ್ಲಿ ಹೊರತಂದದ್ದೇ ಜರ್ಮನಿಸ್ತಾನ್.

ಮರುವರ್ಷ, 1983ರಲ್ಲಿ, ಇದೇ ಕಾಲೇಜಿನವರು ಅಮೆರಿಕದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ ಜ್ಯೋತಿ ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ಮರಿಯಾನೋ 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವರು, ಜಾಸ್ ಲೋಕದಲ್ಲಿ ದೊಡ್ಡ ಹೆಸರು, ಎಂಬ್ರಿಯೋದಲ್ಲಿಯೂ ನುಡಿಸಿದವರು. ಅವರಿಗೆ ನಮ್ಮ ನಾಗಸ್ವರದ ಹುಚ್ಚು ಹಿಡಿದು, ಅದನ್ನು ಕಲಿಯಲೆಂದೇ ನಡುವಯಸ್ಸಿನಲ್ಲಿ ದಕ್ಷಿಣ ಭಾರತಕ್ಕೆ ಬಂದು ಗುರುವಿನ ಮುಂದೆ ಕುಳಿತಿದ್ದರು. ಎದುರು ದಿಕ್ಕಿನಲ್ಲಿ ನಡೆದ ಪ್ರಯಾಣವೂ ಒಂದುಂಟು. 1970ರ ದಶಕದ ಬೆಂಗಳೂರಿನಲ್ಲಿ ಹ್ಯೂಮನ್ ಬಾಂಡೇಜ್ ಎಂಬ ರಾಕ್ ತಂಡವಿತ್ತು. ಅದರ ಡ್ರಮ್ಸ್ ವಾದಕ ರಮೇಶ್ ಶೋಥಮ್ ಮಣಿಯವರ ಕಾಲೇಜಿನಲ್ಲಿ ತವಿಲ್ ಕಲಿತು, ಆಮೇಲೆ ಜರ್ಮನಿಗೆ ಹೋಗಿ ನೆಲೆಸಿದರು.

ಇಷ್ಟು ದೂರದ ಎರಡು ಸಂಗೀತಗಳು ಹೇಗೆ ಕೂಡಿದವು ಎಂದು ಹಲವರು ಕೇಳಬಹುದು. ಮೇಷ್ಟ್ರ ಚಟ ಬಿಡದು, ಒಂದು ಲೆಕ್ಕದ ಮೂಲಕ ವಿವರಿಸುತ್ತೇನೆ. ಆದಿತಾಳಕ್ಕೆ ಎಂಟು ಅಕ್ಷರ. ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ ಒಂದು ಆವರ್ತಕ್ಕೆ 32 ಮಾತ್ರೆ. 'ತಕಿಟ ತಕಧಿಮಿ' ಎಂಬ ಸೊಲ್ಲಿಗೆ ಏಳು ಮಾತ್ರೆ. ಏಳನ್ನು ಎಷ್ಟು ಸಲ ಕೂಡಿದರೂ 32 ಆಗದು. ಆದರೆ ಸಮದಿಂದ ಏಳು ಮಾತ್ರೆ ಬಿಟ್ಟು ಆ ಸೊಲ್ಲನ್ನು ಹಿಡಿಯಿರಿ. ಅದನ್ನು ಮೂರು ಸಲ ನುಡಿಸಿ, ನಡುವಿನ ಎರಡು ಕಡೆ ಎರಡೆರಡು ಮಾತ್ರೆ ವಿಶ್ರಾಂತಿ ಕೊಡಿ. ಮೂರು ಏಳಲಿ 21, ಅದಕ್ಕೆ 4 ಸೇರಿ 25, ಬಿಟ್ಟ 7 ಸೇರಿ 32. ಮುಂದಿನ ಪೆಟ್ಟು ಸಮದ ಮೇಲೆ ಬಂದು ಕೂರುತ್ತದೆ. ದಾರಿ ತಪ್ಪಿದನೆಂದು ಕೇಳುಗ ಭಾವಿಸುವಷ್ಟರಲ್ಲಿ ವಾದಕ ಮನೆ ಸೇರಿರುತ್ತಾನೆ. ಎಂಬ್ರಿಯೋದಂಥ ತಂಡದಲ್ಲಿಯೂ ಬಾಸ್ ಗಿಟಾರು ಒಂದೇ ಎಳೆಯನ್ನು ಬಿಡದೆ ಹಿಡಿದಿರುತ್ತದೆ, ಉಳಿದವರು ಅಲೆದಾಡಿ ಅಲ್ಲಿಗೇ ಮರಳುತ್ತಾರೆ. ನಮ್ಮಲ್ಲಿ ಶ್ರುತಿ ತಾಳಗಳು ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ. ಅಲೆಯುವ ಸ್ವಾತಂತ್ರ್ಯವೂ ಮರಳುವ ನಿಯಮವೂ ಇಬ್ಬರಿಗೂ ಬೇಕಾಗಿದ್ದವು. ಮರಳುವ ಲೆಕ್ಕವನ್ನು ನಮ್ಮವರು ಶತಮಾನಗಳಿಂದ ತಿದ್ದಿ ತೀಡಿ ಇಟ್ಟಿದ್ದರು. ಜರ್ಮನಿಯ ಹುಡುಗರು ಅಷ್ಟು ದೂರದಿಂದ ಬಂದದ್ದು ಅದನ್ನು ಅರಸಿಕೊಂಡೇ ಎಂದು ನಾನು ತಿಳಿದಿದ್ದೇನೆ.

ಈಗ ಎರಡನೆಯ ಕಾರಣ. ಸುಮಾರು 1994ರಲ್ಲಿ ಒಂಬತ್ತನೇ ತರಗತಿಗೆ ಬೀಜಗಣಿತ ಮಾಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಬೆರಳುಗಳಿಂದ ಡೆಸ್ಕನ್ನು ಬಡಿಯುತ್ತಿದ್ದ. ಎರಡು ಸಲ ಗದರಿಸಿದೆ, ಮೂರನೆಯ ಸಲ ಎಬ್ಬಿಸಿ ಹೊರಗೆ ನಿಲ್ಲಿಸಿದೆ. "ಲೆಕ್ಕ ಬರದವನಿಗೆ ಡೋಲು ಬೇರೆ" ಎಂದು ಇಡೀ ತರಗತಿಯ ಮುಂದೆ ಹೀಯಾಳಿಸಿದೆ. ಎಲ್ಲರೂ ನಕ್ಕರು. ಹುಡುಗ ಮತ್ತೆಂದೂ ಡೆಸ್ಕು ಮುಟ್ಟಲಿಲ್ಲ. ಅವನು ಬಾರಿಸುತ್ತಿದ್ದದ್ದು ಒಂದಿಷ್ಟೂ ತಪ್ಪದ ಏಳರ ನಡೆ. ಅದು ನನಗೆ ಆ ಕ್ಷಣದಲ್ಲಿಯೇ ಗೊತ್ತಾಗಿತ್ತು. ಗೊತ್ತಿದ್ದೂ ಹೊರಗೆ ಕಳುಹಿಸಿದೆ. ಅದೇ ರಾತ್ರಿ ಮನೆಯಲ್ಲಿ ಅದೇ ಏಳರ ನಡೆಯನ್ನು ಕ್ಯಾಸೆಟ್ಟಿನಲ್ಲಿ ಕೇಳಿ ತಲೆದೂಗಿದೆ.

ನಿವೃತ್ತನಾದ ಮೇಲೆ ಒಂದು ಸಂಜೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಬಳಿ ಹಣ್ಣು ಕೊಳ್ಳುತ್ತಿದ್ದಾಗ ಒಬ್ಬರು ಬಂದು ಕಾಲು ಮುಟ್ಟಿದರು. ಅವನೇ. ಬನಶಂಕರಿಯಲ್ಲಿ ಸ್ವಂತ ಅಂಗಡಿಯಿಟ್ಟುಕೊಂಡಿದ್ದಾನೆ. ಕುಶಲವಿಚಾರವಾದ ಮೇಲೆ, ಮೂವತ್ತು ವರ್ಷಗಳ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: "ಆವತ್ತು ನೀನು ಡೆಸ್ಕಿನ ಮೇಲೆ ಬಾರಿಸುತ್ತಿದ್ದೆಯಲ್ಲ, ಅದನ್ನು ನಿನಗೆ ಯಾರು ಕಲಿಸಿದರು?" ಅವನಿಗೆ ನಾಚಿಕೆಯಾಯಿತು. "ಯಾರೂ ಇಲ್ಲ ಸಾರ್. ಅಜ್ಜಿ ಊರಿನ ಜಾತ್ರೇಲಿ ಓಲಗದವರ ಡೋಲು ಕೇಳಿ ಕೇಳಿ ಬಂದಿದ್ದು. ಆಮೇಲೆ ಬಿಟ್ಟೋಯ್ತು" ಎಂದ. ಬಾಸ್ಟನ್ನಿನ ಮರಿಯಾನೋ ಸಮುದ್ರ ದಾಟಿ ಬಂದದ್ದು ಆ ಓಲಗದ ನಾಗಸ್ವರಕ್ಕಾಗಿಯೇ ಅಲ್ಲವೇ? ಅದೇ ಓಲಗದ ಲಯ ತಾನಾಗಿ ನಡೆದು ನನ್ನ ತರಗತಿಯ ಹಿಂದಿನ ಬೆಂಚಿಗೆ ಬಂದು ಕೂತಿತ್ತು. ನಾನು ಅದನ್ನು ಬಾಗಿಲಾಚೆ ನಿಲ್ಲಿಸಿದ್ದೆ. "ನೀನು ಬಾರಿಸಿದ್ದು ಸರಿಯಾಗಿತ್ತಪ್ಪ. ತಪ್ಪು ನನ್ನದು" ಎಂದೆ. ಅವನು ಏನೂ ಹೇಳಲಿಲ್ಲ, ಕೈಚೀಲವನ್ನು ಇಸಿದುಕೊಂಡು ಮನೆಯವರೆಗೆ ಬಿಟ್ಟು ಹೋದ.

ಮರಿಯಾನೋ 2009ರಲ್ಲಿ, ಬುರ್ಖಾರ್ಡ್ 2018ರಲ್ಲಿ, ಬುಂಕಾ 2022ರಲ್ಲಿ ತೀರಿಕೊಂಡರು. ಮಣಿಯವರೂ ಈಗ ಇಲ್ಲ. ಎಂಬ್ರಿಯೋವನ್ನು ಬುರ್ಖಾರ್ಡ್ ಅವರ ಮಗಳು ಮಾರ್ಯಾ ಮುಂದುವರಿಸಿದ್ದಾರೆ. ನನ್ನ ತಂದೆಯವರು ಹೋಗಿಯೂ ಬಹಳ ವರ್ಷಗಳಾದವು. ಕ್ಯಾಸೆಟ್ಟಿನ ಸುರುಳಿ ಸವೆದು ಧ್ವನಿ ಅದುರುತ್ತದೆ, ಆದರೂ ಮುಕ್ತಾಯಗಳು ಸಮಕ್ಕೆ ಬರುವುದನ್ನು ತಪ್ಪಿಸಿಲ್ಲ. ಇದನ್ನು ಓದುವ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ತರಗತಿಯಲ್ಲಿ ಯಾವುದಾದರೂ ಮಗು ಡೆಸ್ಕು ಬಡಿಯುತ್ತಿದ್ದರೆ, ಗದರಿಸುವ ಮೊದಲು ಒಂದು ಆವರ್ತ ಕೇಳಿ ನೋಡಿ.