ಆಳಂದದಿಂದ ರಾಜಧಾನಿ ಎಷ್ಟು ದೂರ?

ಕಾರ್ಯಕ್ರಮ ನೋಡಲು ಕೂರುವ ಮುನ್ನ ಒಂದು ಭೂಪಟವನ್ನೂ ಅಳತೆಪಟ್ಟಿಯನ್ನೂ ಹತ್ತಿರ ಇಟ್ಟುಕೊಳ್ಳಿ. ಕಲಬುರಗಿ ಜಿಲ್ಲೆಯ ಆಳಂದದಿಂದ ಎರಡು ಗೆರೆ ಎಳೆಯಿರಿ: ಒಂದು ಹೈದರಾಬಾದಿಗೆ, ಇನ್ನೊಂದು ಬೆಂಗಳೂರಿಗೆ. ಭೂಪಟದ ಪ್ರಮಾಣ ನೋಡಿ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 200 ಕಿಲೋಮೀಟರ್, ಎರಡನೆಯದು 520ರ ಆಸುಪಾಸು. 1956ರ ನವೆಂಬರ್ 1ರಂದು ಈ ಊರಿನ ರಾಜಧಾನಿ ಮೊದಲ ಗೆರೆಯ ತುದಿಯಿಂದ ಎರಡನೆಯದರ ತುದಿಗೆ ಹೋಯಿತು.

ಅದಕ್ಕೆ ಮೊದಲು ಆಳಂದ, ಅಫಜಲಪುರ, ಜೇವರ್ಗಿ ಮೂರೂ ಹೈದರಾಬಾದ್ ರಾಜ್ಯದಲ್ಲಿದ್ದವು. ಹೈಕೋರ್ಟು ಅಲ್ಲಿ, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಅಲ್ಲಿ. ದಾರಿಯೂ ಸಿದ್ಧವಾಗಿತ್ತು. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ ಹಾದು ಬಂದ ರೈಲುಮಾರ್ಗ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಕವಲೊಡೆದು ನಿಜಾಮರ ರೈಲು ಹೈದರಾಬಾದಿನತ್ತ ಓಡಿತು. ಹಾಗೆಂದು ಈ ಮೂರು ಪಟ್ಟಣಗಳಿಗೆ ರೈಲು ಬಂತೆಂದು ತಿಳಿಯಬೇಡಿ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ಹೋಗುವ ದತ್ತಭಕ್ತರು ಇಳಿಯುವ ನಿಲ್ದಾಣದ ಹೆಸರು ‘ಗಾಣಗಾಪುರ ರೋಡ್’. ಇಳಿದ ಮೇಲೆ ರಸ್ತೆ ಹಿಡಿಯಲೇಬೇಕು ಎಂಬುದು ಹೆಸರಿನಲ್ಲೇ ಇದೆ! ಜೇವರ್ಗಿಯವರಿಗೆ ಕಲಬುರಗಿಗೆ ಬರಲು ನಡುವೆ ಭೀಮಾ ನದಿ ಬೇರೆ.

ಏಕೀಕರಣ ಇಲ್ಲಿನ ಕನ್ನಡಿಗರೂ ಬಯಸಿ ಪಡೆದದ್ದು. ಆದರೆ ಒಂದು ಕಲ್ಲೂ ಕದಲದೆ ರಾಜಧಾನಿಯ ದೂರ ಎರಡೂವರೆ ಪಟ್ಟಾಯಿತು. ಅರ್ಜಿಗೆ, ಮೇಲ್ಮನವಿಗೆ, ಸಂದರ್ಶನಕ್ಕೆ ಬೆಂಗಳೂರಿಗೆ ಹೋಗಬೇಕೆಂದರೆ ಹೋಗುವಾಗ ಒಂದು ರಾತ್ರಿ ರೈಲು, ಬರುವಾಗ ಇನ್ನೊಂದು ರಾತ್ರಿ. ಆ ಖರ್ಚನ್ನು ಇಲ್ಲಿನವರೇ ಹೊತ್ತರು.

2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅಂದು ಬೆಂಗಳೂರಿನೊಡನೆ ಆರಂಭವಾದ ಸೇವೆಯಲ್ಲಿ ಹಾರಾಟದ ವೇಳೆ ಒಂದು ಗಂಟೆಯ ಮೇಲೆ ಕೆಲವು ನಿಮಿಷ. ಇಲ್ಲೊಂದು ಗಣಿತವಿದೆ. ಎರಡು ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 460 ಕಿಲೋಮೀಟರ್. ಸಣ್ಣ ಜೆಟ್ ವಿಮಾನ ಗಂಟೆಗೆ 800 ಕಿಲೋಮೀಟರ್ ಹಾರಬಲ್ಲದು. ಭಾಗಿಸಿದರೆ 35 ನಿಮಿಷ ಸಾಕಲ್ಲ? ಸಾಲದು. ವೇಳಾಪಟ್ಟಿಯ ಗಡಿಯಾರ ವಿಮಾನ ನಿಂತಲ್ಲಿಂದ ಕದಲಿದಾಗ ಶುರುವಾಗಿ, ಇನ್ನೊಂದೆಡೆ ಪೂರ್ತಿ ನಿಂತಾಗ ನಿಲ್ಲುತ್ತದೆ. ನೆಲದ ಮೇಲಿನ ಓಟ, ಏರುವಿಕೆ, ಇಳಿಯುವಿಕೆ ಎಲ್ಲವೂ ನಿಧಾನ. ದಾರಿಯೂ ಅಳತೆಪಟ್ಟಿಯ ಗೆರೆಯಷ್ಟು ನೇರವಲ್ಲ.

ಈಗ ಆಳಂದದ ಮನೆಬಾಗಿಲಿನಿಂದ ಎಣಿಸಿ. ಕಲಬುರಗಿಗೆ 40 ಕಿಲೋಮೀಟರಿಗೂ ಹೆಚ್ಚು. ವಿಮಾನ ನಿಲ್ದಾಣವಿರುವುದು ನಗರದ ಪೂರ್ವಕ್ಕೆ, ಸೇಡಂ ರಸ್ತೆಯಲ್ಲಿ. ಊರು ದಾಟಿ ಹೋಗಬೇಕು. ಅಲ್ಲಿ ಗಂಟೆ ಹೊತ್ತು ಮುಂಚೆ ಇರಬೇಕು. ದೇವನಹಳ್ಳಿಯ ಬಳಿ ಇಳಿದ ಮೇಲೆ ವಿಧಾನಸೌಧಕ್ಕೆ ಮತ್ತೆ ಮೂವತ್ತೈದು ಕಿಲೋಮೀಟರ್. ಎಲ್ಲ ಸೇರಿ ಐದು ಗಂಟೆಗೆ ಕಡಿಮೆಯಿಲ್ಲ. ಜೇವರ್ಗಿಯವರದು ಇನ್ನೂ ವಿಚಿತ್ರ: ದಕ್ಷಿಣದ ಬೆಂಗಳೂರಿಗೆ ಹೋಗಲು ಮೊದಲು 40 ಕಿಲೋಮೀಟರ್ ಉತ್ತರಕ್ಕೆ ಬರಬೇಕು.

ದೂರ ಕಡಿಮೆ ಮಾಡುವ ಇನ್ನೊಂದು ಉಪಾಯ ವಿಮಾನಕ್ಕಿಂತ ಹನ್ನೊಂದು ವರ್ಷ ಮೊದಲೇ ಬಂದಿತ್ತು. 2008ರ ಜುಲೈನಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಯಲ್ಲಿ ಆರಂಭವಾಯಿತು. 2013ರಲ್ಲಿ ಕಾಯಂ ಪೀಠವಾಯಿತು. ಜೇವರ್ಗಿಯ ಕಕ್ಷಿದಾರರಿಗೆ ಹೈಕೋರ್ಟು ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಾಯಿತು. ಸಂಜೆ ಮನೆಗೆ ಬಂದು ಊಟ ಮಾಡಬಹುದು.