ಎಜೆಕ್ಷನ್: ಹ್ಯಾಂಡಲ್ ಎಳೆಯೋದಕ್ಕೂ ತರಬೇತಿ ಯಾಕೆ?
ಯುದ್ಧವಿಮಾನ ಬಿದ್ದ ಸುದ್ದಿ ಬಂದಾಗಲೆಲ್ಲ ಕುಂದಾಪುರದ ಗೆಳೆಯರು ನನ್ನನ್ನು ಕೇಳ್ತಾರೆ: "ಬಟನ್ ಒತ್ತಿರೆ ಆಯ್ತಲ್ದಾ ಮಾರಾಯ?"

ಇರೋದು ಬಟನ್ ಅಲ್ಲ, ಹ್ಯಾಂಡಲ್. ಎಳೆದರೆ ಸಿಡಿಮದ್ದು ಸೀಟನ್ನೇ ಮೇಲಕ್ಕೆ ಚಿಮ್ಮಿಸುತ್ತೆ. ಆ ಕ್ಷಣ ದೇಹದ ಮೇಲೆ ಬೀಳುವ ಭಾರ ಗುರುತ್ವದ 12ರಿಂದ 20 ಪಟ್ಟು. ಬಗ್ಗಿ ಕೂತಿದ್ದರೆ ಬೆನ್ನುಮೂಳೆಯೇ ಮುರಿಯಬಹುದು. ಅದಕ್ಕೇ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಪೈಲಟ್‌ಗಳಿಗೆ ನೆಲದ ಮೇಲೇ ಅಭ್ಯಾಸ: ತಲೆ ಸೀಟಿಗೆ ಒತ್ತಿ, ಬೆನ್ನು ನೇರ, ಮೊಣಕೈ ಒಳಗೆ. ಇನ್ನೂ ಕಷ್ಟದ ಪಾಠ, ವಿಮಾನ ಬಿಡುವ ನಿರ್ಧಾರದಲ್ಲಿ ತಡಮಾಡದಿರೋದು.

2023ರ ಜೂನ್ 1ರಂದು ಚಾಮರಾಜನಗರದ ಬಳಿ ಕಿರಣ್ ತರಬೇತಿ ವಿಮಾನ ಬಿದ್ದಾಗ ಇಬ್ಬರೂ ಬದುಕಿದರು. 2019ರ ಫೆಬ್ರವರಿ 1ರಂದು ಬೆಂಗಳೂರಿನಲ್ಲಿ ಮಿರಾಜ್ 2000 ಬಿದ್ದಾಗ, ಎಜೆಕ್ಟ್ ಆಗಿಯೂ ಇಬ್ಬರೂ ಉಳಿಯಲಿಲ್ಲ. ತರಬೇತಿ ಕೊಡೋದು ಕೊನೆಯ ಅವಕಾಶ, ಗ್ಯಾರಂಟಿ ಅಲ್ಲ. ಹಾಗಾಗಿ "ಪೈಲಟ್ ಉಳಿದ್ರಾ?" ಅನ್ನೋದರ ಜೊತೆಗೆ "ವಿಮಾನ ಯಾಕೆ ಬಿತ್ತು?" ಅಂತಲೂ ಕೇಳೋಣ.