ಕಿವಿಯೇ ಮಾಪಕವಾಗಿದ್ದ ಕಾಲ

ಮೋಟಾರು ಗಾಡಿಯ ರೋಗವನ್ನು ಸಂಕೇತಾಂಕಗಳಿಂದ ಓದುವ ಪದ್ಧತಿ ತೀರ ಈಚಿನದು; ಅಮೆರಿಕದಲ್ಲಿ 1996ರ ಮಾದರಿಯಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ಆ ಏರ್ಪಾಡು ನಮ್ಮ ದೇಶದಲ್ಲಿ ನಿಯಮವಾದದ್ದು 2010ರಿಂದೀಚೆಗೆ. ಅದಕ್ಕೆ ಮೊದಲು, ಬೆಂಗಳೂರಿನ ಜೆ. ಸಿ. ರಸ್ತೆಯ ಆಸುಪಾಸಿನ ಗ್ಯಾರೇಜುಗಳಿಗೆ ಅಂಬಾಸಿಡರ್ ಕಾರೊಂದು ಏದುಸಿರು ಬಿಡುತ್ತ ಬಂದು ನಿಂತಾಗ, ಮೇಸ್ತ್ರಿಯಾದವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ, ವೈದ್ಯನು ನಾಡಿ ಹಿಡಿದಂತೆ ಅದರ ಒಡಲ ಸದ್ದನ್ನು ಆಲಿಸುತ್ತಿದ್ದನು. ನಾಲ್ಕು ಪ್ಲಗ್ಗುಗಳ ತಂತಿಗಳನ್ನು ಒಂದೊಂದಾಗಿ ಕಳಚುತ್ತ ಬಂದಂತೆ, ಯಾವುದನ್ನು ತೆಗೆದಾಗ ಎಂಜಿನ್ನಿನ ಓಟ ಕುಗ್ಗದೋ ಆ ಸಿಲಿಂಡರೇ ನಿಷ್ಕ್ರಿಯವೆಂದು ನಿಶ್ಚಯವಾಗುತ್ತಿದ್ದಿತು. ಪ್ಲಗ್ಗಿನ ಮೇಲಣ ಒಣ ಮಸಿ ಪೆಟ್ರೋಲಿನ ಅತಿರೇಕವನ್ನೂ, ಬಿಳುಪು ಅದರ ಕೊರತೆಯನ್ನೂ, ಎಣ್ಣೆಯ ಜಿಡ್ಡು ಪಿಸ್ಟನ್ ರಿಂಗುಗಳ ಸವೆತವನ್ನೂ ಸೂಚಿಸುತ್ತಿದ್ದವು.

ಇವೆಲ್ಲಕ್ಕಿಂತ ನನಗೆ ಮೆಚ್ಚಿಕೆಯಾದುದು ಇನ್ನೊಂದು ಪರೀಕ್ಷೆ: ಒತ್ತಡ ಕುಗ್ಗಿದ ಸಿಲಿಂಡರಿಗೆ ಚಮಚದಷ್ಟು ಎಣ್ಣೆಯನ್ನೆರೆದು ಒತ್ತಡಮಾಪಕದಿಂದ ಮತ್ತೆ ಅಳೆಯುವುದು; ಒತ್ತಡವೇರಿದರೆ ದೋಷ ರಿಂಗುಗಳದು, ಏರದಿದ್ದರೆ ಬಹುಮಟ್ಟಿಗೆ ವಾಲ್ವುಗಳದು. ಅನುಮಾನಪ್ರಮಾಣಕ್ಕೆ ಇದಕ್ಕಿಂತ ನಿರ್ಮಲವಾದ ನಿದರ್ಶನವನ್ನು ನಾನು ಕಾಣೆನು. ಇಂದಿಗೂ, ಎಂಜಿನ್ ನಡುಗುತ್ತಿದ್ದರೂ ಗಣಕಯಂತ್ರ ಯಾವ ಸಂಕೇತವನ್ನೂ ತೋರದೆ ಮೌನವಾಗಿರುವಾಗ, ಮೇಸ್ತ್ರಿ ಕೈಗೆತ್ತಿಕೊಳ್ಳುವುದು ಅದೇ ಒತ್ತಡಮಾಪಕವನ್ನು.